ಸ್ಟೇರಿಂಗ್ ನಡುಗಿದ್ರ ಬರೇ ಡ್ಯಾಂಪರ್ ಹಾಕಿ ಕಳಿಸೋರ ಕಡೆ ಹೋಗಬ್ಯಾಡ್ರಿ

ಹಳೇ ಜಿಪ್ಸಿ, ಹಳೇ ಜೀಪು ಇಟ್ಕೊಂಡಿರೋ ನಮ್ಮ ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಮಂದಿಗೆ ಇದನ್ನ ಬರ್ಯಾಕತ್ತೀನಿ. ಸ್ಟೇರಿಂಗ್ ಅಲ್ಲಾಡ್ತೈತಿ ಅಂತ ಗಾಡಿ ಬಿಟ್ರ, ಒಂದು ನಟ್ಟೂ ಬಿಚ್ಚಿ ನೋಡ್ದ "ಡ್ಯಾಂಪರ್ ಹೋಗೇತ್ರಿ, ಹೊಸಾದು ಹಾಕಿದ್ರ ಸಾಕು" ಅನ್ನೋರಿಗೆ ಕೀಲಿ ಕೊಡಬ್ಯಾಡ್ರಿ. ಡ್ಯಾಂಪರ್ ಅಂದ್ರ ಸ್ಟೇರಿಂಗಿನ ನಡುಕ ತಡಿಯೋ ಶಾಕ್ ಅಬ್ಸಾರ್ಬರ್. ನಾನೂ ನಮ್ಮವ್ವನೂ ಸ್ವಲ್ಪದ್ರಾಗ ಉಳದೀವಿ.

ನಂದು ಮಾರುತಿ ಜಿಪ್ಸಿ ಕಿಂಗ್. ಯಲಬುರ್ಗಾ ಕಡೆ ಎರಿ ಹೊಲ, ಮಳಿ ಬಿತ್ತಂದ್ರ ಫೋರ್ ವೀಲ್ ಇಲ್ದ ಹೊಲದ ದಾರಿ ಹಿಡ್ಯಾಕ ಆಗಂಗಿಲ್ಲ, ಅದಕ್ಕ ಮಾರಿಲ್ಲ. ಹೈವೇದಾಗ ಗಾಡಿ ಅತ್ಲಾಗ ಇತ್ಲಾಗ ತೇಲಾಕತ್ತಿತ್ತು, ತಗ್ಗಿಗೆ ಬಿದ್ರ ಮುಂದಿನ ಗಾಲಿ ಒಂದೆರಡು ಸೆಕೆಂಡ್ ಗಡಗಡ ಅಂದು ಸುಮ್ಮನಾಗ್ತಿತ್ತು. ಊರ ಹೊರಗಿನ ಒಂದು ವರ್ಕ್‌ಶಾಪಿಗೆ ಬಿಟ್ಟೆ, ಹೆಸರು ಬ್ಯಾಡ, ಇಂಥವ್ರು ಎಲ್ಲಾ ಊರಾಗೂ ಅದಾರ.

ಅವ್ರು ಮಾಡಿದ್ದು ಏನಪಾ ಅಂದ್ರ, ದಪ್ಪನೆ ಹೊಸ ಡ್ಯಾಂಪರ್ ಹಾಕಿದ್ರು, ಸ್ಟೇರಿಂಗ್ ಬಾಕ್ಸ್ ಮ್ಯಾಲಿನ ಅಡ್ಜಸ್ಟ್ ಸ್ಕ್ರೂ ತಿರುವಿ ಬಿಗಿ ಮಾಡಿದ್ರು, ಮುಂದಿನ ಕಮಾನ್ ಕಟ್ (ಪಟ್ಟಿ ಸ್ಪ್ರಿಂಗ್) ಕುಂತೈತಿ ಅಂತ ನನ್ನನ್ನ ಒಂದು ಮಾತೂ ಕೇಳ್ದ ಉದ್ದನೆ ಶ್ಯಾಕಲ್ (ಕಮಾನಿನ ತುದಿ ಚಾಸಿಗೆ ಜೋಡಿಸೋ ಕೊಂಡಿ) ಹಾಕಿ ಗಾಡಿ ಎತ್ತರಿಸಿದ್ರು. ಮ್ಯಾಲೆ ಕಂಪ್ಯೂಟರ್ ಅಲೈನ್‌ಮೆಂಟ್ ಕಾಗದ ಬ್ಯಾರೆ ಕೊಟ್ರು. ಊರಾಗ ಓಡಿಸಿದ್ರ ಸ್ಟೇರಿಂಗ್ ಗಟ್ಟಿ ಅನ್ನಸ್ತೈತಿ, ನಡುಗೂದಿಲ್ಲ, ಯಾರಾದ್ರೂ ರಿಪೇರಿ ಆತು ಅಂತನ ಅಂತಾರ.

ಆಮ್ಯಾಲೆ ಅವ್ವನ್ನ ಹೊಸಪೇಟಿ ದವಾಖಾನಿಗೆ ಕರ್ಕೊಂಡು ಹೊಂಟಿದ್ದೆ. ಮುನಿರಾಬಾದ್ ದಾಟಿ ತುಂಗಭದ್ರಾ ಸೇತುವಿ ಮ್ಯಾಲೆ, ಸ್ಪೀಡ್ ಎಪ್ಪತ್ತರ ಆಸುಪಾಸು, ಸೇತುವಿ ಜಾಯಿಂಟಿಗೆ ಎಡಗಾಲಿ ತಾಗಿದ್ದ ತಡ ಮುಂದಿನ ಎರಡೂ ಗಾಲಿ ಬಡಕೊಳ್ಳಾಕ ಚಾಲೂ ಮಾಡಿದ್ವು, ಸ್ಟೇರಿಂಗ್ ಕೈಯಾಗ ನಿಲ್ಲವಲ್ದು, ಡ್ಯಾಶ್‌ಬೋರ್ಡ್ ಕಿತ್ಕೊಂಡು ಬರ್ತೈತೇನೋ ಅನ್ನೋಹಂಗ, ಹಿಂದ ಅದಿರಿನ ಲಾರಿ ಹಾರ್ನ್ ಹೊಡಕೋಂತ ಬರ್ಲಿಕ್ಕತ್ತೈತಿ, ಅವ್ವ "ಏ ನಿಂದ್ರಸೋ ನಿಂದ್ರಸೋ" ಅಂತ ಒದರಾಕತ್ತಾಳ. ಬ್ರೇಕ್ ಜೋರ ಒತ್ತಲಿಲ್ಲ. ಎಕ್ಸಲೇಟರ್ ಬಿಟ್ಟು ಸ್ಟೇರಿಂಗ್ ಗಟ್ಟಿ ಹಿಡಕೊಂಡು ಕುಂತೆ, ಸ್ಪೀಡ್ ಪೂರಾ ಇಳದ ಮ್ಯಾಲೆ ತಾನ ನಿಂತ್ತು. ನಿಮಗೂ ಹಂಗಾದ್ರ ಇಷ್ಟ ಮಾಡ್ರಿ, ಗಾಬರಿ ಆಗಿ ಬ್ರೇಕ್ ತುಳದ್ರ ಭಾರ ಎಲ್ಲಾ ಮುಂದ ಬಂದು ಇನ್ನಷ್ಟು ಬಡಕೋತೈತಿ.

ವಾಪಸ್ ಹೋಗಿ ಕೇಳಿದ್ರ ಆ ಪುಣ್ಯಾತ್ಮ ಏನಂದ ಗೊತ್ತೇನು? "ಹಳೇ ಗಾಡಿ ಅಂದ್ರ ಹಂಗರೀ ಸರ್, ಇನ್ನೊಂದು ಡ್ಯಾಂಪರ್ ಹಾಕೂಣು, ಡಬಲ್."

ಗಂಗಾವತಿಯೊಳಗ ಜೀಪ್ ಕೆಲಸದಾಗ ಕೂದಲು ಹಣ್ಣಾದ ಒಬ್ರು ಕಾಕಾ ಅದಾರ, ಅವ್ರ ಕಡೆ ಒಯ್ದೆ. ಅವ್ರು ಮೊದಲು ಮಾಡಿದ್ದು, ಹಾಕಿದ್ದ ಹೊಸ ಡ್ಯಾಂಪರ್ ಬಿಚ್ಚಿ ಬಾಜೂಕ ಇಟ್ಟಿದ್ದು. "ತಮ್ಮಾ, ಇದು ಇದ್ರ ರೋಗ ಕಾಣಂಗಿಲ್ಲ" ಅಂದ್ರು. ಗಾಲಿ ನೆಲದ ಮ್ಯಾಲ ಇದ್ದಂಗ ನನಗ ಸ್ಟೇರಿಂಗ್ ಅತ್ಲಾಗ ಇತ್ಲಾಗ ಸಣ್ಣಗ ಆಡಿಸಾಕ ಹೇಳಿ ತಾವು ಕೆಳಗ ಮಕ್ಕೊಂಡು ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಅಂದ್ರ ಸ್ಟೇರಿಂಗಿನಿಂದ ಗಾಲಿಗೆ ಹೋಗೋ ರಾಡು, ಅದರ ಕೀಲು, ಎಲ್ಲಾ ಒಂದೊಂದ ಕೈ ಇಟ್ಟು ನೋಡಿದ್ರು. ಆಮ್ಯಾಲೆ ಜ್ಯಾಕ್ ಹಚ್ಚಿ ಗಾಲಿನ ಮ್ಯಾಲೊಂದು ಕೆಳಗೊಂದು ಕೈ ಹಿಡದು ಅಲ್ಲಾಡಿಸಿದ್ರ ಟಕ್ ಟಕ್ ಅಂತು. ನನಗ ಬ್ರೇಕ್ ಒತ್ತಿ ಹಿಡಿ ಅಂದ್ರು, ಒತ್ತಿದ್ರೂ ಆ ಆಟ ಹೋಗ್ಲಿಲ್ಲ. ಬ್ರೇಕ್ ಒತ್ತಿದಾಗ ಆಟ ನಿಂತ್ರ ವೀಲ್ ಬೇರಿಂಗ್, ನಿಲ್ಲದಿದ್ರ ಕಿಂಗ್‌ಪಿನ್, ಅಂದ್ರ ಗಾಲಿ ಎಡಕ್ಕ ಬಲಕ್ಕ ತಿರಗೋ ಗೂಟ. ರೊಕ್ಕ ಇಲ್ಲ ರೂಪಾಯಿ ಇಲ್ಲ, ಯಾರಾದ್ರೂ ಮನೀ ಮುಂದ ನೋಡಬಹುದಾದ ಪರೀಕ್ಷಿ, ಅಷ್ಟು ದೊಡ್ಡ ವರ್ಕ್‌ಶಾಪಿನವ್ರಿಗೆ ಅದಕ್ಕ ಪುರಸೊತ್ತು ಇರ್ಲಿಲ್ಲ.

ಕಿಂಗ್‌ಪಿನ್ ಬೇರಿಂಗ್ ಎರಡೂ ಕಡೆ ಸವದಿದ್ವು. ಹೊಸಾದು ಹಾಕಿ ಶಿಮ್ (ತೆಳು ತಗಡಿನ ಬಿಲ್ಲೆ) ಲೆಕ್ಕ ಹಾಕಿ ಕುಂದ್ರಿಸಿದ್ರು, ಸ್ಪ್ರಿಂಗ್ ತಕ್ಕಡಿಲೆ ನಕಲ್ (ಗಾಲಿ ಹಿಡದು ತಿರಗೋ ತುಂಡು) ಎಳದು ಎಷ್ಟು ಬಿಗಿ ಐತಿ ಅಂತ ನೋಡಿ ನೋಡಿ. ಇದನ್ನ ಅಂದಾಜಿನ ಮ್ಯಾಲ ಮಾಡಿದ್ರ ಸಡ್ಲ ಆದ್ರ ಮತ್ತ ನಡುಗ್ತೈತಿ, ಬಿಗಿ ಆದ್ರ ಬೇರಿಂಗ್ ಹೋಗ್ತೈತಿ.

ಇನ್ನ ಆ ಉದ್ದನೆ ಶ್ಯಾಕಲ್. ಜಿಪ್ಸಿಗೆ ಮುಂದಿನ ಶ್ಯಾಕಲ್ ಕಮಾನಿನ ಮುಂದಿನ ತುದಿಗೆ ಇರ್ತೈತಿ, ಅದನ್ನ ಉದ್ದ ಮಾಡಿದ್ರ ಕಮಾನ್ ಮುಂದ ಬಾಗಿ ಆಕ್ಸಲ್ ತಿರಗಿ ಕ್ಯಾಸ್ಟರ್ ಕಡಿಮಿ ಆಗ್ತೈತಿ. ಕ್ಯಾಸ್ಟರ್ ಅಂದ್ರ ಕಿಂಗ್‌ಪಿನ್ನಿನ ಮ್ಯಾಲಿನ ತುದಿ ಹಿಂದಕ ವಾಲಿರೋದು, ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರ್ತೈತಲ್ಲ ಹಂಗ, ಅದು ಇದ್ರನ ಗಾಲಿ ತಾನ ಸೀದಾ ಆಗೋದು. ಜಿಪ್ಸಿಗೆ ಕಂಪನಿ ಲೆಕ್ಕ ಮೂರೂವರಿ ಡಿಗ್ರಿ ಆಸುಪಾಸು. ನನಗ ಕೊಟ್ಟ ಅಲೈನ್‌ಮೆಂಟ್ ಕಾಗದ ಮನ್ಯಾಗ ತಗದು ನೋಡಿದ್ರ ಕ್ಯಾಸ್ಟರ್ ಸೊನ್ನಿ ಹತ್ರ, ಅದೂ ಕೆಂಪಕ್ಷರದಾಗ! ಅವ್ರ ಮಷಿನ್ನೇ ಹೇಳಿತ್ತು, ಅವ್ರು ಓದಿಲ್ಲ. ಇಡೀ ಆಕ್ಸಲ್ ಇರೋ ಗಾಡಿಯೊಳಗ ಅಲೈನ್‌ಮೆಂಟ್ ಅಂಗಡ್ಯಾಗ ತಿರುವಾಕ ಬರೋದು ಟೋ (ಎರಡೂ ಗಾಲಿ ಮುಂದ ಒಳಗೋ ಹೊರಗೋ ತಿರಗಿರೋದು) ಒಂದ, ಅದನ್ನ ಸರಿ ಮಾಡಿ ಎಲ್ಲಾ ಓಕೆ ಅಂದುಬಿಡ್ತಾರ.

ಕಾಕಾ ಹಳೇ ಶ್ಯಾಕಲ್ಲ ಹಾಕಿ, ಕುಂತ ಕಮಾನಿನ ಪಟ್ಟಿ ಬದಲಿ ಮಾಡ್ಸಿದ್ರು. ನಿಮಗ ಎತ್ತರ ಬೇಕ ಬೇಕಂದ್ರ ಆಕ್ಸಲ್ಲಿಗೂ ಕಮಾನಿಗೂ ನಡುವ ಓರೆ ಪ್ಲೇಟ್ ಕೊಟ್ಟು ಕ್ಯಾಸ್ಟರ್ ತರಬಹುದು, ಆದ್ರ ಅಲ್ಯೂಮಿನಿಯಂದು ಸೀಳ್ತಾವ, ಕಬ್ಬಿಣದ್ದ ಹಾಕಸ್ರಿ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ (ಮುಂದಿನ ಆಕ್ಸಲ್ಲಿಗೆ ಎಂಜಿನ್ ಶಕ್ತಿ ಒಯ್ಯೋ ರಾಡಿನ) ಕೋನ ಬದಲಾಗ್ತೈತಿ ಅನ್ನೋದೂ ಲಕ್ಷದಾಗಿರ್ಲಿ. ಬಾಕ್ಸಿನ ಸ್ಕ್ರೂ ಬಿಗಿ ಮಾಡಿದ್ದೂ ಸಡ್ಲ ಮಾಡ್ಯಾರ, ಯಾಕಂದ್ರ ಅದು ಬಿಗಿ ಇದ್ರ ತಿರುವಿನಾಗ ಸ್ಟೇರಿಂಗ್ ವಾಪಸ್ ಬರಂಗಿಲ್ಲ, ಒಳಗಿನ ಗೇರ್ ತಿನ್ನಾಕ ಹತ್ತತೈತಿ.

ಕಡಿಗೆ ಡ್ಯಾಂಪರ್ ಇಲ್ದ ಹೈವೇಕ ಒಯ್ದು ತಗ್ಗಿಗೆ ಬೇಕಂತ ಇಳಿಸಿ ನೋಡಿದ್ರು, ನಡುಗಲಿಲ್ಲ. ಆಮ್ಯಾಲ ಡ್ಯಾಂಪರ್ ಹಾಕಿದ್ದು. ನಿಮ್ಮ ಮಿಸ್ತ್ರಿಗೂ ಹಿಂಗ ಮಾಡಿ ತೋರ್ಸು ಅನ್ರಿ, ಆಗಂಗಿಲ್ಲ ಅಂದ್ರ ರೊಕ್ಕ ಕೊಡೋ ಮೊದಲು ವಿಚಾರ ಮಾಡ್ರಿ. ಬಿಚ್ಚಿದ ಹಳೇ ಸಾಮಾನು ಕೇಳಿ ಇಸ್ಕೊಳ್ರಿ. ಆ ವರ್ಕ್‌ಶಾಪಿನವ್ರು ರೊಕ್ಕ ವಾಪಸ್ ಕೊಟ್ಟಿಲ್ಲ, ಉದ್ದನೆ ಶ್ಯಾಕಲ್ ಮನ್ಯಾಗ ಬಿದ್ದಾವ, ಕೊಡ್ರಿ ಅಂತ ಕೇಳಿದವ್ರಿಗೆ ಇನ್ನೂ ಕೊಟ್ಟಿಲ್ಲ ನಾನು.