ಮೂರು ಹೆಡ್‌ಫೋನ್: ನಿಮ್ಮ ಕಿವಿಗೆ ಯಾವುದು?

ಸೆನ್‌ಹೈಸರ್ ಎಚ್‌ಡಿ 600, ಆಡಿಯೋ-ಟೆಕ್ನಿಕಾ ಎಂ50ಎಕ್ಸ್, ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ4. ಇವುಗಳಲ್ಲಿ ಯಾವುದು ಕೊಳ್ಳಲಿ ಎಂದು ಕೇಳಿದ್ದೀರಿ. ಉತ್ತರ ನೀವು ಎಲ್ಲಿ ಕೂತು ಕೇಳುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಸದ್ದಿನ ವಿಷಯಕ್ಕೆ ಬಂದರೆ, 1997ರಲ್ಲಿ ಬಂದ ಎಚ್‌ಡಿ 600 ನನಗೆ ಈಗಲೂ ಇಷ್ಟ. ಅದರ ಹಿಂಬದಿ ಮುಚ್ಚಿಲ್ಲ, ಬರೀ ಜಾಲರಿ. ಹಾಡುವವರ ದನಿ, ಪಿಟೀಲು ಎಲ್ಲ ತಲೆಯೊಳಗೆ ತುರುಕಿದಂತಿರದೆ ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಪಕ್ಕದವರಿಗೂ ಕೇಳುತ್ತವೆ! ಬಸ್ಸಿನಲ್ಲಿ ಸುಮ್ನೆ ದಂಡ. ಜೊತೆಗೆ ಅದರ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 300 ಓಮ್. ಫೋನಿಗೆ ಹಾಕಿದರೆ ಸದ್ದು ಸಾಲದೆ ಆಂಪ್ಲಿಫೈಯರ್ ಬೇಕಾಗಬಹುದು. 38 ಓಮಿನ ಎಂ50ಎಕ್ಸ್‌ಗೆ ಆ ತಕರಾರಿಲ್ಲ. ಬೇಸ್ ಸ್ವಲ್ಪ ಜಾಸ್ತಿ. ಕಪ್ ಮುಚ್ಚಿರುವುದರಿಂದ ಸದ್ದು ಮೈಕಿಗೆ ಅಷ್ಟಾಗಿ ಸೋರದು, ಹಾಗಾಗಿ ಮೈಕಿನ ಮುಂದೆ ಹಾಡಿ ರೆಕಾರ್ಡ್ ಮಾಡುವವರಿಗೆ ಇದೇ ಸರಿ.

ಹಾಕಿಕೊಳ್ಳುವ ಹಿತ? ಎಚ್‌ಡಿ 600 ಹೊಸದರಲ್ಲಿ ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಬರಬರುತ್ತಾ ಸಡಿಲವಾಗುತ್ತದೆ. ಬಟ್ಟೆಯ ಕುಶನ್, ಸೆಕೆಗೆ ಪರವಾಗಿಲ್ಲ. ಎಂ50ಎಕ್ಸ್‌ನದು ಕೃತಕ ಚರ್ಮ. ಮೇ ತಿಂಗಳ ಮಂಗಳೂರಿನಲ್ಲಿ ಕಿವಿಯ ಪಾಡು ಕೇಳಲೇಬೇಡಿ.

ದಿನಾ ಬಸ್ಸು, ರೈಲು ಅಂದರೆ ಸೋನಿ. ಸುಮಾರು 254 ಗ್ರಾಂ, ಮೆತ್ತಗಿದೆ, ಇಂಜಿನ್ನಿನ ಗುಂಯ್‌ಗುಡುವಿಕೆಯನ್ನು ಚೆನ್ನಾಗಿ ಅಡಗಿಸುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ 30 ಗಂಟೆ ಎನ್ನುತ್ತದೆ ಕಂಪನಿ. ಆದರೆ ಬ್ಯಾಟರಿಗೂ ವಯಸ್ಸಾಗುತ್ತದೆ, ಅಲ್ವಾ? ಎಚ್‌ಡಿ 600ಕ್ಕಾದರೆ ಕುಶನ್, ಕೇಬಲ್ ಬಿಡಿಯಾಗಿ ಸಿಗುತ್ತವೆ. ಬದಲಿಸಿ ವರ್ಷಗಟ್ಟಲೆ ಓಡಿಸಬಹುದು.