ಗಮ್, ಪ್ಯಾಚ್, ಲವಂಗ: ಸಿಗರೇಟಿನ ಸೆಳೆತಕ್ಕೆ ಯಾವುದು ಕೆಲಸಕ್ಕೆ ಬಂತು?

ಸಿಗರೇಟು ಬಿಡಲು ಹೊರಟವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಮನಸ್ಸು ಗಟ್ಟಿ ಮಾಡಿಕೋ. ಮನಸ್ಸೇನೋ ಗಟ್ಟಿಯೇ ಇರುತ್ತದೆ. ಊಟ ಮುಗಿಸಿ ಬೇಕರಿ ಮುಂದೆ ನಿಂತು, ಟೀ ಗ್ಲಾಸು ಕೈಗೆ ಬಂದಾಗ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಚಟ ಹಿಡಿಸುವುದು ತಂಬಾಕಿನಲ್ಲಿರುವ ನಿಕೋಟಿನ್. ನಾನು ಬಿಡುವಾಗ ಅದನ್ನೇ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಡುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್, ಅಡುಗೆಮನೆಯ ಲವಂಗ-ಸೋಂಪು ಮೂರನ್ನೂ ಬಳಸಿ ನೋಡಿದೆ.

ಸೆಳೆತದಲ್ಲಿ ಎರಡು ಬಗೆ ಇದೆ. ಬೆಳಿಗ್ಗೆ ಎದ್ದ ತಕ್ಷಣ ಬರುವುದು ಮೈಯದ್ದು. ರಾತ್ರಿಯಿಡೀ ಸೇದಿಲ್ಲ, ರಕ್ತದಲ್ಲಿ ನಿಕೋಟಿನ್ ಇಳಿದಿದೆ, ಮಿದುಳು ಕೇಳುತ್ತದೆ. ಟೀ ಜೊತೆ, ಬಸ್ಸಿಗೆ ಕಾಯುವಾಗ, ಯಾರೋ ರೇಗಿದ ಮೇಲೆ ಬರುವುದು ಅಭ್ಯಾಸದ್ದು. ಅದು ಕೆಲವೇ ನಿಮಿಷ ಜೋರಾಗಿದ್ದು ತಾನಾಗಿಯೇ ಇಳಿಯುತ್ತದೆ. ಒಂದಕ್ಕೆ ಆಗುವ ಮದ್ದು ಇನ್ನೊಂದಕ್ಕೆ ಸಾಲುವುದಿಲ್ಲ.

ಗಮ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ತುಂಬಾ ಜನ ಇದನ್ನು ಎರಡು ದಿನ ಅಗಿದು, ಏನೂ ಉಪಯೋಗ ಇಲ್ಲ ಅಂತ ಬಿಟ್ಟುಬಿಡುತ್ತಾರೆ. ತೊಂದರೆ ಇರುವುದು ಅಗಿಯುವ ರೀತಿಯಲ್ಲಿ. ಬಬಲ್ ಗಮ್ ಥರ ಒಂದೇ ಸಮನೆ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಸೆಳೆತ ಅಲ್ಲೇ ಇರುತ್ತದೆ. ನಿಧಾನಕ್ಕೆ ಅಗಿಯಬೇಕು. ಮೆಣಸು ಕಚ್ಚಿದ ಹಾಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿದು, ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಕೆನ್ನೆಯ ಒಳಪೊರೆಯಿಂದ.

ಇನ್ನೊಂದು ತೊಡಕು ಟೀ, ಕಾಫಿ. ಬಾಯಿಯಲ್ಲಿ ಹುಳಿ ಅಂಶ ಇದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಾಫಿ, ಜ್ಯೂಸ್, ಸೋಡಾ ಕುಡಿದು ಹದಿನೈದು ನಿಮಿಷ ಆಗುವ ತನಕ ಗಮ್ ಹಾಕಿಕೊಳ್ಳಬಾರದು. ಆದರೆ ನಮಗೆ ಸೆಳೆತ ಬರುವುದೇ ಟೀ ಹೊತ್ತಿಗೆ, ಅಲ್ವಾ? ಅದಕ್ಕೆ ನಾನು ಲೆಕ್ಕ ಹಿಂದುಮುಂದು ಮಾಡಿಕೊಂಡೆ. ಊಟ ಆದ ಮೇಲೆ ಬಾಯಿ ಮುಕ್ಕಳಿಸಿ ಗಮ್, ಅದು ಮುಗಿದ ಮೇಲೆ ಟೀ. ಗ್ಲಾಸು ಕೈಗೆ ಬರುವ ಹೊತ್ತಿಗೆ ಮೈ ಆಗಲೇ ಸಮಾಧಾನವಾಗಿರುತ್ತಿತ್ತು.

2 ಮಿಲಿಗ್ರಾಂ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, 4 ಮಿಲಿಗ್ರಾಮಿಗೆ ಡಾಕ್ಟರ್ ಚೀಟಿ ಬೇಕು. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ ಹೇಳುವುದು 4. ಮೊದಲ ಆರು ವಾರ ಒಂದೆರಡು ಗಂಟೆಗೊಂದರ ಹಾಗೆ ತೆಗೆದುಕೊಂಡು, ಆಮೇಲೆ ಇಳಿಸುತ್ತಾ ಮೂರು ತಿಂಗಳಿಗೆ ನಿಲ್ಲಿಸುವುದು ರೂಢಿ.

ಪ್ಯಾಚ್ ಇದಕ್ಕೆ ಪೂರ್ತಿ ಉಲ್ಟಾ. 21, 14, 7 ಮಿಲಿಗ್ರಾಂ ಅಂತ ದೊಡ್ಡದರಿಂದ ಇಳಿಯುತ್ತಾ ಹೋಗುವ ಮೂರು ಮೆಟ್ಟಿಲು. ಕೂದಲಿಲ್ಲದ ಒಣ ಚರ್ಮಕ್ಕೆ, ದಿನಾ ಬೇರೆ ಜಾಗಕ್ಕೆ ಅಂಟಿಸಬೇಕು. ಇದು ರಕ್ತಕ್ಕೆ ಏರಲು ಗಂಟೆಗಟ್ಟಲೆ ಬೇಕು. ಸೆಳೆತ ಬಂದ ಮೇಲೆ ಅಂಟಿಸಿದರೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ಇದರ ಬಲ ಇರುವುದು ಬೆಳಗಿನ ಸೆಳೆತದ ಮೇಲೆ. ರಾತ್ರಿಯೂ ಬಿಟ್ಟುಕೊಂಡು ಮಲಗಿದರೆ ಎದ್ದಾಗ ಆ ಚಡಪಡಿಕೆ ಅರ್ಧಕ್ಕರ್ಧ ಇರುವುದಿಲ್ಲ. ಬದಲಿಗೆ ಕಣ್ಣಿಗೆ ಕಟ್ಟುವಂಥ ವಿಚಿತ್ರ ಕನಸುಗಳು ಬೀಳುತ್ತವೆ. ನಿದ್ದೆ ಕೆಡುತ್ತಿದ್ದರೆ ಮಲಗುವಾಗ ತೆಗೆದುಬಿಡಬಹುದು. ಬೇಸಿಗೆಯಲ್ಲಿ ಬೆವರಿಗೆ ಅಂಚು ಏಳುತ್ತದೆ, ಅಂಟಿದ ಜಾಗ ತುರಿಸುತ್ತದೆ. ಮೈಮೇಲೆ ಪ್ಯಾಚ್ ಇದ್ದೇ ಇರಲಿ, ಸೆಳೆತ ಬಂದಾಗ ಜೊತೆಗೊಂದು ಗಮ್: ಎರಡರಲ್ಲಿ ಒಂದನ್ನೇ ನಂಬುವುದಕ್ಕಿಂತ ಈ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಜಾಸ್ತಿ ಸೇದುವವರು ಡಾಕ್ಟರನ್ನು ಕೇಳಿ ಇದನ್ನೇ ಹಿಡಿಯಲಿ ಅಂತ ನನ್ನ ಆಸೆ. ಹೃದಯದ ತೊಂದರೆ ಇರುವವರು, ಬಸುರಿಯರು ಕೇಳದೆ ಯಾವುದನ್ನೂ ಮುಟ್ಟಬಾರದು.

ಲವಂಗ-ಸೋಂಪಿನಲ್ಲಿ ನಿಕೋಟಿನ್ ಇಲ್ಲ, ಬೆಳಗಿನ ಸೆಳೆತಕ್ಕೆ ಅದು ತಾಗುವುದೂ ಇಲ್ಲ. ಆದರೆ ಬಸ್ ಸ್ಟಾಪಿನಲ್ಲಿ ಗಮ್‌ಗಿಂತ ಇದೇ ಮೇಲು. ಒಂದು ಲವಂಗ ಹಲ್ಲಿನಡಿ ಇಟ್ಟು ಒತ್ತಿದರೆ ಮೊದಲು ಖಾರ, ಆಮೇಲೆ ನಾಲಿಗೆ ಜೋಮು. ಅಷ್ಟರಲ್ಲಿ ಆ ಕೆಲವು ನಿಮಿಷ ದಾಟಿಹೋಗಿರುತ್ತದೆ. ಸೋಂಪನ್ನು ಒಂದೊಂದೇ ಕಾಳು ತಿಂದರೆ ಕೈಗೂ ಕೆಲಸ ಸಿಗುತ್ತದೆ.

ಬಾಯಾಡಿಸಲು ಸುಮ್ನೆ ಅಡಿಕೆ ಹಾಕಿಕೊಳ್ಳೋಣ ಅಂದುಕೊಳ್ಳಬೇಡಿ. ಅಡಿಕೆ ಬೆಳೆಯುವ ನಾಡಿನವರಿಗೆ ಇದು ಹಿಡಿಸದ ಮಾತು, ಗೊತ್ತು. ಆದರೆ ತಂಬಾಕು ಸೇರದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಹರ್ಬಲ್ ಸಿಗರೇಟಿನ ಹೊಗೆಯಲ್ಲೂ ಟಾರ್ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ. ಇ-ಸಿಗರೇಟಂತೂ 2019ರಿಂದ ದೇಶದಲ್ಲೇ ನಿಷೇಧ.

ಕಾಫಿ ಪ್ರಿಯರಿಗೆ ಇನ್ನೊಂದು ವಿಷಯ. ಸಿಗರೇಟಿನ ಹೊಗೆ ಕೆಫೀನನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತದೆ. ಬಿಟ್ಟ ಮೇಲೆ ಅದೇ ಎರಡು ಲೋಟ ಜಾಸ್ತಿ ಏರುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. ಇದನ್ನೇ ಸೆಳೆತ ಅಂದುಕೊಂಡು ಮತ್ತೆ ಹಚ್ಚುವವರಿದ್ದಾರೆ. ಮೊದಲ ಕೆಲವು ವಾರ ಕಾಫಿ ಬೈಟುನಲ್ಲೇ ಇರಲಿ. ಆದರೂ ತಡೆಯಲಾಗದಿದ್ದರೆ ಸಿಗರೇಟು ಪ್ಯಾಕಿನ ಮೇಲೆ 2018ರಿಂದ ಅಚ್ಚಾಗುತ್ತಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ.