ಕಸದ ಗುಡ್ಡೆಯ ನೀರು: ಬೈಲರ್, ಸಬ್‌ಮರ್ಸಿಬಲ್, ನಿಧಾನದ ಪಂಪ್

ಮೈಸೂರಿನ ಹೊರವಲಯದಲ್ಲಿ ಮಣ್ಣು ಮುಚ್ಚಿ ಕೈಬಿಟ್ಟ ಹಳೆಯ ಕಸದ ಗುಡ್ಡೆಯ ಪಕ್ಕದ ವೀಕ್ಷಣಾ ಬಾವಿಯಲ್ಲಿ ಮಿಥೇನ್ ಸಿಕ್ಕಿದರೆ ಆಶ್ಚರ್ಯವಿಲ್ಲ. ಅದೇ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಮೀರಿ ಆಮ್ಲಜನಕವೂ ಇದೆಯೆಂದರೆ ಮಾತ್ರ ನಂಬುವುದು ಕಷ್ಟ. ಮಿಥೇನ್ ತಯಾರಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒಗ್ಗುವುದೇ ಇಲ್ಲ. ಹಾಗಾಗಿ ನೀರಿಗಿಂತ ಮೊದಲು ನೀರೆತ್ತುವ ಸಾಧನದ ಮೇಲೆಯೇ ಅನುಮಾನ ಬಂದು, ಮೂರು ಸಾಧನಗಳನ್ನೂ ಆ ಬಾವಿಗೇ ಇಳಿಸಿ ನೋಡಿದೆ.

ಬೈಲರ್ ಎಂದರೆ ಹಗ್ಗಕ್ಕೆ ಕಟ್ಟಿದ, ತಳದಲ್ಲಿ ಕವಾಟವಿರುವ ಕೊಳವೆ. ಅಗ್ಗ, ಕರೆಂಟೂ ಬೇಡ. ಆದರೆ ಪ್ರತಿ ಸಲ ಇಳಿಯುವಾಗಲೂ ಬಾವಿಯೊಳಗಿನ ನೀರನ್ನು ಕಲಕುತ್ತದೆ. ಸೀಸೆಗೆ ಸುರಿಯುವಾಗ ಗಾಳಿ ಸೇರುತ್ತದೆ, ಮಿಥೇನ್ ಹಾರಿಹೋಗುತ್ತದೆ. ಆ 3 ಮಿಲಿಗ್ರಾಂ ಇದರದೇ ಕೊಡುಗೆ.

ಸಬ್‌ಮರ್ಸಿಬಲ್ ಪಂಪಿಗೆ ಜನರೇಟರ್ ಹೊರಬೇಕು. ಅದು ರಭಸದಿಂದ ಎಳೆದಾಗ ಬಾವಿಯ ಮಟ್ಟ ಸರ್ರನೆ ಕುಸಿದು, ಮೇಲಿನ ನೀರು ಒಳಗೆ ಜಿನುಗಿ ಬೀಳುತ್ತದೆ. ಬಂದದ್ದು ರಾಡಿ ನೀರು.

ಗೆದ್ದದ್ದು ನಿಧಾನದ ಪಂಪ್, ಅಂದರೆ ಮೆದು ಟ್ಯೂಬನ್ನು ಉರುಳೆಗಳಿಂದ ಹಿಸುಕುತ್ತಾ ನೀರೆಳೆಯುವ ಪೆರಿಸ್ಟಾಲ್ಟಿಕ್ ಪಂಪ್. ನಿಮಿಷಕ್ಕೆ ಕಾಲು ಲೀಟರಿನಂತೆ ಎಳೆಯುತ್ತಾ, ಉಷ್ಣತೆ, ವಾಹಕತೆ, ಪಿಎಚ್, ಆಮ್ಲಜನಕ ನಾಲ್ಕೂ ಸ್ಥಿರವಾಗುವವರೆಗೆ ಕಾಯಬೇಕು. ಬೇಸರದ ಕೆಲಸವೇ. ಆದರೆ ಆಮ್ಲಜನಕ ಅರ್ಧ ಮಿಲಿಗ್ರಾಂಗಿಂತ ಕೆಳಗಿಳಿಯಿತು. ತಿಳಿಯಾಗಿ ಬಂದ ನೀರು ತೆರೆದ ಸೀಸೆಯಲ್ಲಿ ನೋಡನೋಡುತ್ತಲೇ ತುಕ್ಕಿನ ಬಣ್ಣಕ್ಕೆ ತಿರುಗಿತು: ಕರಗಿದ್ದ ಫೆರಸ್ ಕಬ್ಬಿಣಕ್ಕೆ ಗಾಳಿ ತಗುಲಿದ್ದು ಆಗಲೇ. ನೆಲದಡಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನಲು ನನಗೆ ಯಾವ ಮೀಟರಿಗಿಂತಲೂ ಇದು ದೊಡ್ಡ ಸಾಕ್ಷಿ.

ಇದಕ್ಕೂ ಮಿತಿಯಿದೆ. ಹೀರಿ ಎತ್ತುವ ಪಂಪಾದ್ದರಿಂದ ನೀರಿನ ಮಟ್ಟ ಏಳೆಂಟು ಮೀಟರಿಗಿಂತ ಕೆಳಗಿದ್ದರೆ ಕೈಕೊಡುತ್ತದೆ. ಒತ್ತಡ ತಗ್ಗಿದಾಗ ಟ್ಯೂಬಿನಲ್ಲಿ ಗುಳ್ಳೆಗಳು ಏಳುತ್ತವೆ, ಮಿಥೇನ್ ಲೆಕ್ಕ ಕಡಿಮೆ ಬರುತ್ತದೆ. ಆಳಕ್ಕೆ ಬಾವಿಯೊಳಗೇ ಚೀಲವೊಂದನ್ನು ಅನಿಲದ ಒತ್ತಡದಿಂದ ಹಿಸುಕಿ ನೀರನ್ನು ಮೇಲಕ್ಕೆ ತಳ್ಳುವ ಬ್ಲಾಡರ್ ಪಂಪ್ ಸರಿ. ಬಾಡಿಗೆ ಕೇಳಿ ಸುಮ್ಮನಾದೆ.

ಆಮ್ಲಜನಕ ಅಳೆಯುವ ವಿಧಾನಗಳಲ್ಲೂ ಪೈಪೋಟಿಯಿದೆ. ವಿಂಕ್ಲರ್ ವಿಧಾನದಲ್ಲಿ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಿದಾಗ ನೀರಿನಲ್ಲಿ ಮೂಡುವ ಒತ್ತರ (ಕರಗದ ಗಷ್ಟು) ಬಿಳಿಯಾಗಿಯೇ ಉಳಿದರೆ ಆಮ್ಲಜನಕವಿಲ್ಲ, ಕಂದಾದರೆ ಇದೆ. ನೋಡಲು ಚೆಂದ, ಆದರೆ ಕಬ್ಬಿಣ ಹೆಚ್ಚಿರುವ ಈ ನೀರಿನಲ್ಲಿ ಅದನ್ನು ಪೂರ್ತಿ ನಂಬಲಾಗದು. ಪೊರೆಯ ವಿದ್ಯುದ್ವಾರಕ್ಕೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಶತ್ರು. ನನ್ನ ಮತ ಬೆಳಕಿನ ಮೂಲಕ ಆಮ್ಲಜನಕ ಅಳೆಯುವ ಆಪ್ಟಿಕಲ್ ಸಂವೇದಕಕ್ಕೆ. ಒಂದೇ ಎಚ್ಚರ: ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. 25 ಡಿಗ್ರಿಯಲ್ಲಿ ಗಾಳಿಯಿಂದ ಸಂತೃಪ್ತವಾದ ನೀರಿನಲ್ಲಿ ಇಲ್ಲಿರುವುದು 8.26 ಅಲ್ಲ, ಸುಮಾರು 7.5 ಮಿಲಿಗ್ರಾಂ. ಸಂವೇದಕವನ್ನು ಸಮುದ್ರಮಟ್ಟದ ಅಂಕಿಗೆ ಹೊಂದಿಸಿದರೆ ಓದಿಕೆ ಹತ್ತಿರಹತ್ತಿರ ಶೇ. 10 ಹಿಗ್ಗುತ್ತದೆ.

ಪಕ್ಕದ ಹಳೆಯ ಕೊಳವೆಬಾವಿಯಲ್ಲಿ ಮಾತ್ರ ನಿಧಾನದ ಪಂಪಿಗೂ ಎರಡೂ ಅನಿಲಗಳು ಸಿಕ್ಕವು. ಅಲ್ಲಿ ಕೇಸಿಂಗ್ (ಬಾವಿಯ ಗೋಡೆಗೆ ಇಳಿಸುವ ಪೈಪು) ಮೇಲ್ಪದರಕ್ಕಷ್ಟೇ. ಕೆಳಗೆ ಬರಿಯ ಬಂಡೆ. ಮೇಲಿನ ಬಿರುಕಿನಿಂದ ಆಮ್ಲಜನಕದ ನೀರು, ಕೆಳಗಿನದರಿಂದ ಮಿಥೇನ್ ನೀರು ಬಂದು ಬಾವಿಯೊಳಗೇ ಬೆರೆಯುತ್ತಿರಬೇಕು. ಬಾವಿಯನ್ನು ನಡುವೆ ಮುಚ್ಚುವ ಬಿರಡೆಯಾದ ಪ್ಯಾಕರ್ ಇಟ್ಟು ಬಿರುಕುಗಳನ್ನು ಬೇರ್ಪಡಿಸದೆ ಅಲ್ಲಿ ಯಾವ ಪಂಪಿನಿಂದಲೂ ಪ್ರಯೋಜನವಿಲ್ಲ. ಅನಿಲಗಳು ಬೇಡ, ಗಾಳಿ ತಗುಲಿದರೂ ಬದಲಾಗದ ಕ್ಲೋರೈಡ್ ಅಷ್ಟೇ ಸಾಕೆನ್ನುವವರಿಗೆ ಬೈಲರ್ ಧಾರಾಳವಾಯಿತು.